ವಾರಕ್ಕೊಂದು ಪುಟ ಬರೆದರೆ ಏನು ಸಿಗುತ್ತದೆ?

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕ ಇರುವುದು ಸಾಮಾನ್ಯ. ಬೆಳಿಗ್ಗೆ ಅದರಲ್ಲಿ ನಿಂತ ನೀರನ್ನು ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ: ಇಷ್ಟು ಇಂಚು, ಇಷ್ಟು ಸೆಂಟು. ಇಂಚಿನ ನೂರನೇ ಒಂದು ಭಾಗ ಅವರ ಲೆಕ್ಕದಲ್ಲಿ ಒಂದು ಸೆಂಟು. ಅಜ್ಜ ಶುರುಮಾಡಿದ್ದನ್ನು ಅಪ್ಪ, ಅಪ್ಪ ಬಿಟ್ಟಲ್ಲಿಂದ ಮಕ್ಕಳು ಮುಂದುವರಿಸಿದ ಮನೆಗಳೂ ಉಂಟು. ಫೆಬ್ರುವರಿ, ಮಾರ್ಚಿನ ಹೂಮಳೆ ಯಾವ ತಾರೀಖಿಗೆ ಬಿತ್ತು, ಅದರ ಹಿಂದೆಯೇ ಬರಬೇಕಾದ ಬ್ಯಾಕಿಂಗ್ ಮಳೆ ಬಂತೋ ಕೈಕೊಟ್ಟಿತೋ ಎಂಬುದರ ಮೇಲೆ ವರ್ಷದ ಫಸಲು ನಿಂತಿರುವುದರಿಂದ ಈ ಲೆಕ್ಕಕ್ಕೆ ಬೆಲೆ ಇದ್ದೇ ಇದೆ. ಆದರೆ ಅಂಕಿ ಬರೆಯುವ ಕೈ ಒಮ್ಮೊಮ್ಮೆ ಪಕ್ಕದಲ್ಲೊಂದು ಮಾತನ್ನೂ ಸೇರಿಸುತ್ತದೆ. ಗಾಳಿಗೆ ಸಿಲ್ವರ್ ಓಕ್ ಮುರಿದು ಬಿತ್ತು, ರಾತ್ರಿ ಆನೆ ಬಂದು ಬಾಳೆ ಮುಗಿಸಿತು, ಕಾಡಿನಂಚಿನಲ್ಲಿ ಅಣಬೆ ಎದ್ದಿದೆ. ಫಸಲಿನ ಲೆಕ್ಕಕ್ಕೆ ಬೇಡವಾದ ಈ ಸಾಲುಗಳನ್ನು ಬರೆ ಎಂದು ಯಾರೂ ಹೇಳಿರುವುದಿಲ್ಲ. ದಿನಾ ಪುಸ್ತಕ ತೆರೆಯುವ ಅಭ್ಯಾಸವೇ ಅವುಗಳನ್ನು ಬರೆಸುತ್ತದೆ.

ಯಾರೂ ಕೇಳದಿದ್ದರೂ ತಪ್ಪದೆ ಬರೆಯುವ ಇಂಥವರು ಎಲ್ಲ ಊರಲ್ಲೂ ಸಿಗುತ್ತಾರೆ. ಸಂಬಳ ಇಲ್ಲ, ಸನ್ಮಾನ ಇಲ್ಲ, ಹೆಚ್ಚಿನವರಿಗೆ ಓದುಗರೂ ಇಲ್ಲ. ‘ಇದರಿಂದ ನಿನಗೇನು ಬಂತು?’ ಎಂದು ಮನೆಯವರು ಕೇಳಿದರೆ ಥಟ್ಟನೆ ಹೇಳಲು ಉತ್ತರವೂ ಇರುವುದಿಲ್ಲ. ಭಾಷೆ ಪಳಗುತ್ತದೆ, ಹೆಸರು ಬರುತ್ತದೆ, ಮನಸ್ಸು ಹಗುರಾಗುತ್ತದೆ ಎಂಬ ಸಿದ್ಧ ಉತ್ತರಗಳಲ್ಲಿ ಒಂದಿಷ್ಟು ಸತ್ಯ ಇದೆ. ಆದರೆ ವರ್ಷಗಟ್ಟಲೆ ಬಿಡದೆ ಬರೆದವರ ಬದುಕನ್ನು ನೋಡಿದರೆ ಮೊದಲ ಲಾಭ ಬೇರೆಯೇ ಎನಿಸುತ್ತದೆ. ಬರವಣಿಗೆ ಸುಧಾರಿಸುವ ಮುಂಚೆ ಬರೆಯುವವರ ಕಣ್ಣು ಸುಧಾರಿಸುತ್ತದೆ. ಶನಿವಾರ ಒಂದು ಪುಟ ಬರೆಯಬೇಕು ಎಂದು ಗೊತ್ತಿರುವವರು ಸೋಮವಾರದಿಂದಲೇ ಬೇರೆ ಥರ ನೋಡತೊಡಗುತ್ತಾರೆ, ಬೇರೆ ಥರ ಕೇಳಿಸಿಕೊಳ್ಳುತ್ತಾರೆ. ಉಳಿದ ಲಾಭಗಳೆಲ್ಲ ಇದರ ಬೆನ್ನಿಗೆ ಬರುವಂಥವು.

ಮೂರು ಹಕ್ಕಿ, ಒಂದು ಆಮೆ

ಇದಕ್ಕೆ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಸೀಮೆಯ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿದೆ. ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಹುಟ್ಟಿದ್ದು 1720ರಲ್ಲಿ, ಆ ಹಳ್ಳಿಯಲ್ಲೇ. 1793ರಲ್ಲಿ ತೀರಿಕೊಂಡದ್ದೂ ಅಲ್ಲೇ. ಸಮುದ್ರ ದಾಟಿದವರಲ್ಲ, ಹೊಸ ಖಂಡ ಕಂಡವರಲ್ಲ. 1751ರಲ್ಲಿ ಮನೆಯ ತೋಟದ ವಿವರ ಬರೆದಿಡತೊಡಗಿದರು: ಯಾವ ದಿನ ಏನು ಬಿತ್ತಿದೆ, ಸೌತೆ ಹೇಗೆ ಬಂತು, ಕರಬೂಜ ಏನಾಯಿತು ಎಂಬಂಥ ಮಾತು. 1768ರ ಹೊತ್ತಿಗೆ ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸರು ರೂಪಿಸಿದ ಅಚ್ಚಿನ ದಿನಚರಿ ಪುಸ್ತಕ ಅವರ ಕೈಸೇರಿತು. ಗಾಳಿಗೆ ಒಂದು ಕಾಲಂ, ಉಷ್ಣತೆಗೆ ಒಂದು, ಮಳೆಗೆ ಒಂದು. ಅರಳಿದ ಗಿಡಕ್ಕೆ, ಕಂಡ ಹಕ್ಕಿಗೆ, ಕೀಟಕ್ಕೆ ಒಂದೊಂದು. ಸಾಯುವವರೆಗೂ ವೈಟ್ ಅದನ್ನು ತುಂಬಿಸುತ್ತ ಹೋದರು.

ಖಾಲಿ ಕಾಲಂ ಕಣ್ಣೆದುರು ಇದ್ದರೆ ಅದನ್ನು ತುಂಬಲಿಕ್ಕಾದರೂ ಹೊರಗೆ ಹೋಗಿ ನೋಡಬೇಕಾಗುತ್ತದೆ. ಹೀಗೆ ನೋಡಿ ನೋಡಿಯೇ ಅವರು ಬೇರೆಯವರಿಗೆ ಕಾಣದಿದ್ದನ್ನು ಕಂಡರು. ಆ ಭಾಗದ ಮರಗಳಲ್ಲಿ ಬೇಸಿಗೆಗೆ ಬರುವ ಹಸಿರು ಮಿಶ್ರಿತ ಹಳದಿಯ ಪುಟ್ಟ ಉಲಿಯಕ್ಕಿಗಳೆಲ್ಲ ಒಂದೇ ಜಾತಿ ಎಂದು ಜನ ತಿಳಿದಿದ್ದರು. ರೂಪದಲ್ಲಿ ಅವು ಅಷ್ಟೊಂದು ಹೋಲುತ್ತವೆ. ವೈಟ್ ಅವುಗಳ ಹಾಡನ್ನು ಕೇಳಿ ಬರೆದಿಟ್ಟುಕೊಂಡು, ಹೋಲಿಸಿ, ಇವು ಒಂದಲ್ಲ ಮೂರು ಜಾತಿ ಎಂದು ಗುರುತಿಸಿದರು. ಇಂಗ್ಲೆಂಡಿನ ಗೋಧಿ ಹೊಲಗಳ ಅತಿ ಪುಟ್ಟ ಇಲಿಯನ್ನು ಅಲ್ಲಿ ಮೊದಲು ಗುರುತಿಸಿ ವರ್ಣಿಸಿದವರೂ ಅವರೇ. ಎರೆಹುಳು ಇಲ್ಲದಿದ್ದರೆ ನೆಲ ಗಟ್ಟಿಯಾಗಿ ಸತ್ವ ಕಳೆದುಕೊಳ್ಳುತ್ತದೆ ಎಂದು 1777ರಲ್ಲೇ ಬರೆದರು. ಎರೆಹುಳುವಿನ ಮೇಲೆ ಚಾರ್ಲ್ಸ್ ಡಾರ್ವಿನ್ ಅವರ ಹೆಸರಾಂತ ಪುಸ್ತಕ ಬಂದದ್ದು ಅದಾದ ನೂರು ವರ್ಷದ ಮೇಲೆ, 1881ರಲ್ಲಿ.

ದಿನಚರಿಯ ಜೊತೆಗೆ ವೈಟ್ ಅವರಿಗೆ ಇನ್ನೊಂದು ಅನುಕೂಲ ಇತ್ತು. ಬ್ಯಾರಿಂಗ್ಟನ್ ಮತ್ತು ಥಾಮಸ್ ಪೆನ್ನಂಟ್ ಎಂಬ ಇಬ್ಬರಿಗೆ ಅವರು ವರ್ಷಗಟ್ಟಲೆ ಪತ್ರ ಬರೆದರು. ದಿನಚರಿಯಲ್ಲಾದರೆ ‘ಇಂದು ಈ ಹಕ್ಕಿ ಬಂತು’ ಎಂದು ಗೀಚಿ ಮುಗಿಸಬಹುದು. ತಿಳಿದವರೊಬ್ಬರು ಓದುತ್ತಾರೆ ಎಂದಾಗ ಹಾಗಾಗುವುದಿಲ್ಲ. ಎಲ್ಲಿಂದ ಬಂತು, ಹೋದ ವರ್ಷ ಯಾವಾಗ ಬಂದಿತ್ತು, ಚಳಿಗಾಲದಲ್ಲಿ ಎಲ್ಲಿರುತ್ತದೆ ಎಂಬ ಪ್ರಶ್ನೆಗಳನ್ನು ಓದುಗರು ಕೇಳುವ ಮುಂಚೆ ಬರೆಯುವವರೇ ಕೇಳಿಕೊಳ್ಳಬೇಕಾಗುತ್ತದೆ. ಆ ಪತ್ರಗಳೇ 1789ರಲ್ಲಿ ‘ಸೆಲ್ಬೋರ್ನಿನ ನಿಸರ್ಗ ಚರಿತ್ರೆ’ ಎಂಬ ಪುಸ್ತಕವಾದವು. ಒಂದು ಹಳ್ಳಿಯ ಪುಸ್ತಕವನ್ನು ಜಗತ್ತು ಇವತ್ತಿಗೂ ಓದುತ್ತಿದೆ.

ಹಾಗೆಂದು ಬರೆಯುವ ಅಭ್ಯಾಸ ಎಲ್ಲವನ್ನೂ ಕಾಣಿಸಿಬಿಡುತ್ತದೆ ಎನ್ನುವಂತಿಲ್ಲ. ವೈಟ್ ಅವರ ಬಳಿ ಟಿಮೊಥಿ ಎಂಬ ಆಮೆ ಇತ್ತು. ಅದು ಯಾವಾಗ ಮಣ್ಣಿನೊಳಗೆ ಹೋಯಿತು, ಯಾವಾಗ ಎದ್ದು ಬಂತು, ಏನು ತಿಂದಿತು ಎಂದು ವರ್ಷ ವರ್ಷವೂ ಬರೆದಿದ್ದಾರೆ. ಗಂಡಸಿನ ಹೆಸರಿಟ್ಟುಕೊಂಡು ಬಾಳಿದ ಆ ಆಮೆ ಹೆಣ್ಣು ಎಂದು ತಿಳಿದದ್ದು ಅದು ಸತ್ತಮೇಲೆ.

ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಬರೆದದ್ದರಲ್ಲಿ ಬಹುಪಾಲು ಮೂಡಿಗೆರೆಯ ತಮ್ಮ ತೋಟದ ಸುತ್ತಲಿನದೇ. ನಾಯಿ, ಮೀನು, ಹಕ್ಕಿ, ಜೇನು, ಆಚೀಚೆಯ ಜನ. ಆ ತೋಟದ ಸುತ್ತಲಿನ ರಸ್ತೆಗಳಲ್ಲಿ ಸಾವಿರಾರು ಜನ ಓಡಾಡಿದ್ದಾರೆ. ‘ಪರಿಸರದ ಕತೆ’ಯ ಸಾಮಗ್ರಿ ಅವರಿಗೂ ಕಣ್ಣೆದುರೇ ಇತ್ತು. ಬರೆಯಲು ಏನೂ ಇಲ್ಲ ಎಂದು ಕೈಚೆಲ್ಲುವವರು ನೆನಪಿಡಬೇಕಾದ ಸಂಗತಿ ಇದು.

ಕುಕ್ಕರ್ ಏಕೆ ವಿಷಲ್ ಹಾಕುತ್ತದೆ?

ಕಣ್ಣಿನ ನಂತರದ ಪಾಠ ತಿಳಿವಳಿಕೆಯದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಿಪ್, ಬೀಗ, ಹೊಲಿಗೆ ಯಂತ್ರ, ಶೌಚಾಲಯದ ಫ್ಲಶ್ ಇಂಥ ವಸ್ತುಗಳು ಕೆಲಸ ಮಾಡುವ ಬಗೆ ನಿಮಗೆ ಎಷ್ಟು ಗೊತ್ತು ಎಂದು ಜನರನ್ನು ಕೇಳಿ, ತಮಗೆ ತಾವೇ ಅಂಕ ಕೊಟ್ಟುಕೊಳ್ಳಲು ಹೇಳಿದರು. ಆಮೇಲೆ, ಸರಿ, ಹಂತ ಹಂತವಾಗಿ ಬರೆದು ವಿವರಿಸಿ ಎಂದರು. ಬರೆದು ಮುಗಿಸಿದವರಿಗೆ ಮತ್ತೆ ಅಂಕ ಕೊಟ್ಟುಕೊಳ್ಳಲು ಹೇಳಿದಾಗ ಅಂಕ ಇಳಿದಿತ್ತು. ಅವರಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ, ಯಾರೂ ತಪ್ಪು ತೋರಿಸಿರಲಿಲ್ಲ. ಗೊತ್ತಿದೆ ಎಂದುಕೊಂಡಿದ್ದು ಗೊತ್ತಿರಲಿಲ್ಲ ಎಂಬುದು ಬರೆಯಲು ಕೂತಾಗ ತಮಗೆ ತಾವೇ ತಿಳಿಯಿತು.

ಇದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದೇಕೆ ಎಂದು ಮಗು ಕೇಳಿದರೆ ‘ಪ್ರೆಷರ್ ಇರುತ್ತಲ್ಲಪ್ಪ’ ಎಂದು ಹೇಳಿ ಪಾರಾಗುತ್ತೇವೆ. ಅದನ್ನೇ ಹತ್ತು ಸಾಲು ಬರೆಯಲು ಕೂತರೆ ಎರಡನೇ ಸಾಲಿಗೇ ಪೆನ್ನು ನಿಲ್ಲುತ್ತದೆ. ಒತ್ತಡ ಹೆಚ್ಚಾದರೆ ಬೇಳೆಗೇನಾಗುತ್ತದೆ? ಹುಡುಕುತ್ತ ಹೋದರೆ ದಾರಿ ಸಿಗುತ್ತದೆ: ಆವಿ ಹೊರಗೆ ಹೋಗದಂತೆ ಗ್ಯಾಸ್ಕೆಟ್ ಹಿಡಿದಿಡುತ್ತದೆ, ಒಳಗೆ ಒತ್ತಡ ಏರಿದಂತೆ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ಬಿಸಿಯೇರುತ್ತದೆ, ಆ ಹೆಚ್ಚಿನ ಬಿಸಿಗೆ ಬೇಳೆ ಬೇಗ ಬೇಯುತ್ತದೆ, ಒತ್ತಡ ಮಿತಿ ಮುಟ್ಟಿದಾಗ ವೆಯ್ಟನ್ನು ಎತ್ತಿ ಆವಿ ನುಗ್ಗಿ ಬರುವ ಸದ್ದೇ ವಿಷಲ್. ಹೀಗೆ ಬರೆದವರಿಗೆ ಇನ್ನೂ ಒಂದು ಲಾಭ: ವಿಷಲ್ ಬಂದಮೇಲೂ ಉರಿ ಜೋರಾಗಿಟ್ಟರೆ ಬಿಸಿ ಅದಕ್ಕಿಂತ ಏರದು, ಗ್ಯಾಸ್ ದಂಡವಾದೀತು ಎಂಬ ಲೆಕ್ಕವೂ ತಾನಾಗಿ ಹೊಳೆಯುತ್ತದೆ.

ಮಾತಿನಲ್ಲಿ ಕೈ ಆಡಿಸಿ, ‘ಅದೇರೀ, ಗೊತ್ತಲ್ಲ’ ಎಂದು ತೇಲಿಸಿಬಿಡಬಹುದು. ಎದುರಿಗಿರುವವರು ತಲೆಯಾಡಿಸಿ ಸಹಾಯ ಮಾಡುತ್ತಾರೆ. ಕಾಗದ ಯಾರಿಗೂ ತಲೆಯಾಡಿಸುವುದಿಲ್ಲ. ಒಂದು ವಾಕ್ಯಕ್ಕೂ ಮುಂದಿನದಕ್ಕೂ ನಡುವೆ ಕೊಂಡಿ ಇಲ್ಲದಿದ್ದರೆ ಅದು ಎದ್ದು ಕಾಣುತ್ತದೆ. ವಾರವಾರ ಬರೆಯುವವರು ವಾರವಾರವೂ ತಮ್ಮ ಅಜ್ಞಾನದ ಒಂದು ತುಣುಕನ್ನು ಎದುರಿಸಬೇಕಾಗುತ್ತದೆ. ಅದು ಅಷ್ಟೇನೂ ಹಿತವಲ್ಲ. ಆದರೆ ಇಷ್ಟು ಅಗ್ಗದ ಶಾಲೆ ಬೇರೆಲ್ಲೂ ಸಿಗದು.

ಡಾರ್ವಿನ್ ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿಕೊಂಡಿದ್ದರು. ತಮ್ಮ ಸಿದ್ಧಾಂತಕ್ಕೆ ಹೊಂದದ ಸಂಗತಿ ಕಂಡರೆ ಅಥವಾ ಅಂಥ ಯೋಚನೆ ಬಂದರೆ ತಡಮಾಡದೆ ಆಗಲೇ ಬರೆದಿಡುವುದು. ನಮಗೆ ಅನುಕೂಲವಾದದ್ದು ನೆನಪಿನಲ್ಲಿ ಉಳಿಯುತ್ತದೆ, ಅನನುಕೂಲವಾದದ್ದು ಬೇಗ ಜಾರಿಹೋಗುತ್ತದೆ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. ಆತ್ಮಕಥೆಯಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ತಮ್ಮ ಸಿದ್ಧಾಂತದ ವಿರುದ್ಧ ಬಂದ ಆಕ್ಷೇಪಗಳಲ್ಲಿ ಬಹುಪಾಲು ತಾವು ಮೊದಲೇ ಗಮನಿಸಿ ಉತ್ತರ ಹುಡುಕಿದವೇ ಆಗಿದ್ದವು ಎಂಬುದು ಆ ಅಭ್ಯಾಸದಿಂದ ಅವರಿಗೆ ಸಿಕ್ಕ ಫಲ.

ಗಡುವು ಮತ್ತು ಓದುಗರು

ಬರೆಯಬೇಕು ಎಂಬ ಆಸೆ ಎಲ್ಲರಲ್ಲೂ ಇದೆ. ಕೂತು ಬರೆಯುವಂತೆ ಮಾಡುವುದು ಗಡುವು. ಕನ್ನಡದಲ್ಲಿ ಅಂಕಣ ಸಾಹಿತ್ಯ ಎಂಬ ಪ್ರಕಾರವೇ ಗಡುವಿನ ಕೊಡುಗೆ. ಪಿ. ಲಂಕೇಶ್ 1980ರಲ್ಲಿ ಜಾಹೀರಾತಿಲ್ಲದ ತಮ್ಮ ವಾರಪತ್ರಿಕೆ ಶುರುಮಾಡುವ ಹೊತ್ತಿಗೆ ಕತೆ, ಕವಿತೆ, ನಾಟಕ, ಸಿನಿಮಾ ಎಲ್ಲದರಲ್ಲೂ ಹೆಸರಾಗಿದ್ದವರು. 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಆ ಪತ್ರಿಕೆಯ ಪುಟಗಳಿಗೆ ಬರೆಯುತ್ತಲೇ ಇದ್ದರು. ಅಲ್ಲಿನ ಅವರ ‘ಟೀಕೆ ಟಿಪ್ಪಣಿ’ ಅಂಕಣದ ಬರಹಗಳು ವಾರದ ಒತ್ತಡದಲ್ಲಿ ಹುಟ್ಟಿದವು, ವಾರದ ಸುದ್ದಿ ಹಳಸಿದ ಮೇಲೂ ಸಂಪುಟಗಳಾಗಿ ಓದಿಸಿಕೊಳ್ಳುತ್ತಿವೆ. ಹಾ.ಮಾ. ನಾಯಕರ ‘ಸಂಪ್ರತಿ’ ಅಂಕಣ ಬರಹಗಳ ಸಂಕಲನ. ಅದಕ್ಕೆ 1989ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸ್ಫೂರ್ತಿ ಬರಲಿ ಎಂದು ಕಾದಿದ್ದರೆ ಈ ಪುಸ್ತಕಗಳು ಇರುತ್ತಿರಲಿಲ್ಲ.

ಗಡುವು ಬರೆಸುತ್ತದೆ, ಓದುಗರು ತಿದ್ದುತ್ತಾರೆ. ಈ ಎರಡನೆಯದನ್ನು ಗಾಂಧೀಜಿಯಷ್ಟು ಸ್ಪಷ್ಟವಾಗಿ ಹೇಳಿಕೊಂಡವರು ಕಡಿಮೆ. ದಕ್ಷಿಣ ಆಫ್ರಿಕದಲ್ಲಿ 1903ರಲ್ಲಿ ‘ಇಂಡಿಯನ್ ಒಪಿನಿಯನ್’ ವಾರಪತ್ರಿಕೆ ಆರಂಭವಾಯಿತು. 1914ರಲ್ಲಿ ಅವರು ಆ ದೇಶ ಬಿಡುವವರೆಗೆ, ಜೈಲಿನಲ್ಲಿದ್ದ ದಿನಗಳನ್ನು ಬಿಟ್ಟರೆ, ಅವರ ಬರಹ ಇಲ್ಲದ ಸಂಚಿಕೆ ಬಲು ವಿರಳ. ಆ ಪತ್ರಿಕೆ ತಮಗೆ ಆತ್ಮಸಂಯಮದ ತರಬೇತಿಯಾಯಿತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಯೋಚಿಸದೆ ಒಂದು ಪದ ಹಾಕಿಲ್ಲ, ಬೇಕೆಂದೇ ಉತ್ಪ್ರೇಕ್ಷೆ ಮಾಡಿಲ್ಲ, ಯಾರನ್ನೋ ಮೆಚ್ಚಿಸಲು ಬರೆದಿಲ್ಲ ಎಂಬುದು ಅವರ ಮಾತಿನ ಸಾರ. ಅದರ ಧಾಟಿ ನೋಡಿ ಟೀಕಾಕಾರರೂ ತಮ್ಮ ಲೇಖನಿಗೆ ಕಡಿವಾಣ ಹಾಕಿಕೊಂಡರಂತೆ. ಓದುಗರಿಂದ ರಾಶಿ ಪತ್ರ ಬರುತ್ತಿತ್ತು. ಕೆಲವು ಸ್ನೇಹದವು, ಕೆಲವು ಕಟುವಾದವು. ಅವನ್ನೆಲ್ಲ ಓದಿ, ಅರಗಿಸಿಕೊಂಡು, ಉತ್ತರಿಸುವುದು ತಮಗೆ ದೊಡ್ಡ ಶಿಕ್ಷಣವಾಯಿತು ಎಂದಿದ್ದಾರೆ. ಆ ಆತ್ಮಕಥೆಯೂ ಪತ್ರಿಕೆಯ ಗಡುವಿನ ಕೂಸೇ. 1925ರಿಂದ 1929ರವರೆಗೆ ‘ನವಜೀವನ’ದಲ್ಲಿ ವಾರವಾರ ಕಂತುಗಳಲ್ಲಿ ಅದು ಬಂತು.

ಬಹಳ ವರ್ಷ ಬರೆದವರಿಗೆ ಎದುರಾಗುವ ಒಂದು ಮುಜುಗರಕ್ಕೂ ಗಾಂಧೀಜಿ ದಾರಿ ತೋರಿಸಿದರು. ನಿನ್ನೆ ಬರೆದದ್ದಕ್ಕೂ ಇವತ್ತು ಬರೆಯುವುದಕ್ಕೂ ತಾಳೆಯಾಗದಿದ್ದರೆ? 1933ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಅವರು ಓದುಗರಿಗೆ ನೇರವಾಗಿ ಹೇಳಿದರು: ಒಂದೇ ವಿಷಯದ ಮೇಲೆ ನನ್ನ ಎರಡು ಬರಹಗಳು ಹೊಂದದಿದ್ದರೆ, ನನ್ನ ಬುದ್ಧಿ ನೆಟ್ಟಗಿದೆ ಎಂಬ ನಂಬಿಕೆ ಇನ್ನೂ ಇದ್ದರೆ, ಈಚಿನದನ್ನು ಆರಿಸಿಕೊಳ್ಳಿ. ಫ್ರಾನ್ಸಿನ ಮಿಶೆಲ್ ದ ಮೊಂಟೇನ್ ಇದನ್ನು ಇನ್ನೊಂದು ರೀತಿಯಲ್ಲಿ ಮಾಡಿದ್ದರು. 1571ರಲ್ಲಿ, 38ನೇ ವಯಸ್ಸಿಗೆ ಅಧಿಕಾರ ಬಿಟ್ಟು ಮನೆಗೆ ಮರಳಿದ ಅವರ ಪ್ರಬಂಧಗಳು ಮೊದಲು ಅಚ್ಚಾದದ್ದು 1580ರಲ್ಲಿ. ಆಮೇಲೂ, 1592ರಲ್ಲಿ ಸಾಯುವವರೆಗೆ, ಅಚ್ಚಾದ ಪ್ರತಿಯ ಅಂಚಿನಲ್ಲೇ ಹೊಸ ಮಾತು ಸೇರಿಸುತ್ತಿದ್ದರು. ಹಳೆಯದನ್ನು ಅಳಿಸುವುದಕ್ಕಿಂತ ಸೇರಿಸಿದ್ದೇ ಹೆಚ್ಚು. ಹೀಗಾಗಿ ಒಬ್ಬ ಮನುಷ್ಯನ ಯೋಚನೆ ಬದಲಾದ ದಾರಿ ಅಲ್ಲಿ ಪದರು ಪದರಾಗಿ ಕಾಣುತ್ತದೆ. ಬರೆಯದೇ ಇರುವವರ ಅಭಿಪ್ರಾಯವೂ ಬದಲಾಗುತ್ತದೆ. ಆದರೆ ತಾವು ಮೊದಲಿನಿಂದಲೂ ಹೀಗೇ ಯೋಚಿಸುತ್ತಿದ್ದೆವು ಎಂದು ಅವರು ನಂಬಿಬಿಡುತ್ತಾರೆ.

ಸುಟ್ಟ ಟಿಪ್ಪಣಿ, ಉಳಿದ ಊರು

ಬರೆದಿಟ್ಟರೆ ನೆನಪಿರುತ್ತದೆ ಎನ್ನುತ್ತೇವೆ. ಕಾಗದದಲ್ಲಿ ಉಳಿಯುತ್ತದೆ ಎಂಬುದೇ ಸಾಮಾನ್ಯವಾಗಿ ಅದರ ಅರ್ಥ. ಕಾಗದವೇ ಹೋದರೆ?

ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಕ್ಷೇತ್ರಕಾರ್ಯ ಮಾಡಿದರು. ಆ ಊರಿಗೆ ಅವರು ಇಟ್ಟ ಹೆಸರು ರಾಂಪುರ. ಯಾರ ಹೊಲ ಯಾರಿಗೆ ಗೇಣಿ, ಯಾವ ಜಗಳ ಯಾರ ಜಗಲಿಯಲ್ಲಿ ತೀರ್ಮಾನವಾಯಿತು, ಹಬ್ಬದ ದಿನ ಯಾರು ಎಲ್ಲಿ ನಿಂತರು ಎಂಬಂಥ ವಿವರಗಳನ್ನು ಬರೆದುಕೊಂಡರು. ಆಮೇಲಿನ ವರ್ಷಗಳಲ್ಲಿ ಆ ಟಿಪ್ಪಣಿಗಳನ್ನು ವಿಂಗಡಿಸಿ, ಜೋಡಿಸಿ, ಮೂರು ಪ್ರತಿ ಮಾಡಿಟ್ಟುಕೊಂಡರು. ಪುಸ್ತಕ ಬರೆಯಲೆಂದು ಅವನ್ನೆಲ್ಲ ತೆಗೆದುಕೊಂಡು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರಕ್ಕೆ ಹೋದರು. 1970ರ ಏಪ್ರಿಲ್ 24ರಂದು ದುಷ್ಕರ್ಮಿಗಳು ಆ ಕೇಂದ್ರಕ್ಕೆ ಬೆಂಕಿ ಇಟ್ಟರು. ಮೂರೂ ಪ್ರತಿ ಸುಟ್ಟವು.

ಟಿಪ್ಪಣಿ ಹೋದರೆ ಹೋಗಲಿ, ನೆನಪಿನಿಂದಲೇ ಬರೆಯಿರಿ ಎಂದು ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಸಲಹೆ ಕೊಟ್ಟರು. ಶ್ರೀನಿವಾಸ್ ಬರೆದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂತು. ಭಾರತದ ಹಳ್ಳಿಯ ಬಗ್ಗೆ ಬಂದ ಶ್ರೇಷ್ಠ ಪುಸ್ತಕಗಳ ಸಾಲಿಗೆ ಸೇರಿತು. ಕೋಷ್ಟಕ, ಅಂಕಿ ಅಂಶ ಕಡಿಮೆಯಾಗಿ ಮನುಷ್ಯರು ಮುಂದೆ ಬಂದರು. ಊರಿನ ಗೌಡರು, ಅವರ ಗತ್ತು, ಆ ಊರಿನಲ್ಲಿ ಹೊರಗಿನವರಾಗಿ ಇರುವಾಗಿನ ಲೇಖಕರ ಇರುಸುಮುರುಸು ಎಲ್ಲವೂ ಅಲ್ಲಿದೆ. ಇದನ್ನು ಬರೀ ಅದೃಷ್ಟ ಎನ್ನಲಾಗದು. ಎಷ್ಟೋ ವರ್ಷ ಅದೇ ಟಿಪ್ಪಣಿಗಳನ್ನು ಬರೆದು, ತಿದ್ದಿ, ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದ ಮನಸ್ಸು ಆ ಊರನ್ನು ತನ್ನೊಳಗೂ ಕಟ್ಟಿಕೊಂಡಿತ್ತು. ಸುಮ್ಮನೆ ನೋಡಿ ಬಂದವರಿಗೆ ಇಪ್ಪತ್ತೆರಡು ವರ್ಷದ ಮೇಲೆ ಅಷ್ಟು ವಿವರ ದಕ್ಕುತ್ತಿರಲಿಲ್ಲ.

ನೆನಪು ಮಾತ್ರ ಸಾಕು ಎಂದೂ ಇದರಿಂದ ತೀರ್ಮಾನಿಸಬಾರದು. ನೆನಪಿಗೆ ಒಂದು ಕೆಟ್ಟ ಚಾಳಿ ಇದೆ: ಇಪ್ಪತ್ತರ ಹುಡುಗನನ್ನು ಎಪ್ಪತ್ತರ ಮುದುಕನ ಬುದ್ಧಿಯಿಂದ ಮಾತಾಡಿಸುತ್ತದೆ. ಕುವೆಂಪು ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಬರೆಯುವಾಗ ಯೌವನದಲ್ಲಿ ಬರೆದಿಟ್ಟಿದ್ದ ದಿನಚರಿಗಳನ್ನು ಎದುರಿಗಿಟ್ಟುಕೊಂಡರು. ಹೀಗಾಗಿ ಅಲ್ಲಿ ಮಹಾಕವಿಯ ಮಾತಿನ ನಡುವೆ, ಮುಂದೆ ತಾನೇನಾಗುತ್ತೇನೆಂದು ತಿಳಿಯದ ವಿದ್ಯಾರ್ಥಿಯ ದನಿಯೂ ಕೇಳುತ್ತದೆ. ತಾರೀಖು ಹಾಕಿ ಬರೆದ ಪುಟದ ದೊಡ್ಡ ಉಪಕಾರ ಅದು. ಅಂದು ಏನು ಗೊತ್ತಿರಲಿಲ್ಲ ಎಂಬುದನ್ನೂ ಅದು ಕಾದಿಡುತ್ತದೆ.

ತನಗಾಗಿ, ಇತರರಿಗಾಗಿ

ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕೆಂದಿಲ್ಲ. ಲಂಡನ್ನಿನ ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660ರ ಜನವರಿ 1ರಿಂದ 1669ರ ಮೇ 31ರವರೆಗೆ ಶೀಘ್ರಲಿಪಿಯಲ್ಲಿ ದಿನಚರಿ ಬರೆದರು. ಪ್ಲೇಗು, 1666ರ ಮಹಾ ಬೆಂಕಿ, ದರ್ಬಾರಿನ ಗುಟ್ಟುಗಳ ಪಕ್ಕದಲ್ಲೇ ತಮ್ಮ ಲಂಚ, ಹಾದರ, ಹೆಂಡತಿಯ ಜೊತೆಗಿನ ಜಗಳವನ್ನೂ ಬರೆದರು. ಬೆಂಕಿ ಹತ್ತಿರ ಬಂದಾಗ ತೋಟದಲ್ಲಿ ಗುಂಡಿ ತೋಡಿ ವೈನು ಮತ್ತು ದುಬಾರಿ ಪಾರ್ಮೆಸಾನ್ ಚೀಸನ್ನು ಹೂತಿಟ್ಟದ್ದೂ ಅದರಲ್ಲಿದೆ. ದೃಷ್ಟಿ ಹೋದೀತೆಂಬ ಭಯಕ್ಕೆ ಬರೆಯುವುದನ್ನು ನಿಲ್ಲಿಸಿದರು. ಕುರುಡರಾಗಲಿಲ್ಲ, 1703ರವರೆಗೆ ಬದುಕಿದ್ದರು. ದಿನಚರಿ ಮೊದಲು ಅಚ್ಚಾದದ್ದು 1825ರಲ್ಲಿ. ಲಿಪಿ ಬಿಡಿಸಲು ಜಾನ್ ಸ್ಮಿತ್ ಎಂಬ ಯುವಕರು ಮೂರು ವರ್ಷ ಹೆಣಗಿದರು. ಆ ಶೀಘ್ರಲಿಪಿಯ ಕೈಪಿಡಿ ಪೀಪ್ಸ್ ಅವರ ಗ್ರಂಥಭಂಡಾರದ ಅದೇ ಕಪಾಟುಗಳಲ್ಲಿತ್ತು. ಸ್ಮಿತ್‌ಗೆ ಅದು ತಿಳಿದಿರಲಿಲ್ಲ. ಯಾರೂ ಸುಲಭಕ್ಕೆ ಓದಲಾರರು ಎಂಬ ಧೈರ್ಯವೇ ಆ ಪುಟಗಳ ಪ್ರಾಮಾಣಿಕತೆಗೆ ಕಾರಣ.

ನೋವಿನ ವಿಷಯಕ್ಕೆ ಇಂಥ ಖಾಸಗಿ ಪುಟವೇ ಸರಿ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರಿಗೆ ಕೊಟ್ಟದ್ದು ಸಾದಾ ವಿಷಯ, ಕೆಲವರಿಗೆ ತಮ್ಮ ಬಾಳಿನ ದೊಡ್ಡ ಆಘಾತ. ನಡೆದದ್ದನ್ನೂ ಆಗ ಅನಿಸಿದ್ದನ್ನೂ ಸೇರಿಸಿ ಬರೆದವರು ಬರೆದ ಕೂಡಲೇ ಹೆಚ್ಚು ಕುಗ್ಗಿದ್ದರು. ಆದರೆ ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲೆ ಇದರ ಮೇಲೆ ನೂರಾರು ಅಧ್ಯಯನಗಳು ನಡೆದಿವೆ. ಒಟ್ಟಾರೆ ನೋಡಿದರೆ ಪ್ರಯೋಜನ ಇದೆ, ಆದರೆ ಸಣ್ಣದು. ಬರವಣಿಗೆ ವೈದ್ಯರ ಜಾಗ ತುಂಬಲಾರದು. ಮನಸ್ಸಿನಲ್ಲಿ ಗಿರಕಿ ಹೊಡೆಯುತ್ತಿದ್ದ ಸಂಗತಿಗೆ ಮೊದಲು, ನಡು, ಕೊನೆ ಎಂಬ ಕ್ರಮ ಸಿಕ್ಕಿದರೆ ಅಷ್ಟರಮಟ್ಟಿಗೆ ನೆಮ್ಮದಿ.

ಹೊರಗೆ ತೋರಿಸುವ ಬರಹದಲ್ಲಿ ಬೇರೆ ಎಚ್ಚರ ಬೇಕು. ಅತ್ತೆಯ ಸಿಡುಕು, ಗೆಳೆಯನ ಸಾಲ, ಮಗಳ ಪ್ರೀತಿ ಇವೆಲ್ಲ ಬರೆಯುವವರಿಗೆ ಒಳ್ಳೆಯ ವಸ್ತು. ಆದರೆ ಆ ಬದುಕು ಅವರವರದು. ಶ್ರೀನಿವಾಸ್ ಊರಿನ ಹೆಸರು ಬದಲಿಸಿದ್ದರ ಹಿಂದಿನ ಮರ್ಯಾದೆ ನಮಗೂ ಅನ್ವಯಿಸುತ್ತದೆ. ಇನ್ನೊಂದು ಅಪಾಯ ಚಪ್ಪಾಳೆಯದು. ಜಗಳದ ವಿಷಯ ಬರೆದಾಗ ಬರುವ ಪ್ರತಿಕ್ರಿಯೆ ಎರೆಹುಳುವಿನ ಬಗ್ಗೆ ಬರೆದಾಗ ಬರುವುದಿಲ್ಲ. ಆ ರುಚಿ ಹತ್ತಿದರೆ ನೋಡುವ ಕಣ್ಣು ಮತ್ತೆ ಮಂಕಾಗುತ್ತದೆ. ಯಾವುದನ್ನು ಬರೆದರೆ ಯಾರು ಕೆರಳುತ್ತಾರೆ ಎಂಬುದಷ್ಟೇ ಕಾಣತೊಡಗುತ್ತದೆ.

ಶುರುಮಾಡುವವರಿಗೆ

ಜನವರಿ ಒಂದಕ್ಕೆ ಹೊಸ ಡೈರಿ ತಂದು, ಸಂಕ್ರಾಂತಿ ಹೊತ್ತಿಗೆ ಕೈಬಿಡುವ ಆರಂಭಶೂರತ್ವ ನಮ್ಮೆಲ್ಲರಿಗೂ ಪರಿಚಿತ. ದಿನವೂ ಬರೆಯುತ್ತೇನೆಂಬ ಶಪಥಕ್ಕಿಂತ ವಾರಕ್ಕೊಮ್ಮೆ, ಗೊತ್ತಾದ ದಿನ, ಒಂದು ಪುಟ ಎಂಬುದು ಹೆಚ್ಚು ಬಾಳಿಕೆ ಬರುತ್ತದೆ. ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ಪುಟದ ದಂಡ ಹಾಕಿಕೊಳ್ಳಬೇಕಿಲ್ಲ. ಬಾಕಿ ಬೆಳೆದಷ್ಟೂ ಪುಸ್ತಕ ತೆರೆಯಲು ಭಯವಾಗುತ್ತದೆ.

ವಿಷಯ ಚಿಕ್ಕದಿರಲಿ. ‘ನಮ್ಮೂರಿನ ಕೆರೆಗಳು’ ಎಂದು ಹೊರಟರೆ ಮೊದಲ ವಾರವೇ ಸುಸ್ತು. ನಮ್ಮ ಕೆರೆಯ ತೂಬು ತೆರೆಯುವವರು ಯಾರು, ಅವರಿಗೆ ಆ ಕೆಲಸ ಹೇಗೆ ಬಂತು ಎಂದು ಕೇಳಿಕೊಂಡರೆ ಒಂದು ಪುಟ ಸಿಗುತ್ತದೆ, ಜೊತೆಗೆ ಮುಂದಿನ ಮೂರು ವಾರಕ್ಕೆ ಪ್ರಶ್ನೆಗಳೂ ಸಿಗುತ್ತವೆ. ಪುಟದ ಮೇಲೆ ತಾರೀಖು ಇರಲಿ. ಅಂಕಿ ಇದ್ದರೆ ಅಂಕಿ, ಯಾರೋ ಹೇಳಿದ್ದಾದರೆ ಯಾರು ಹೇಳಿದರು ಎಂಬುದು ಇರಲಿ. ಹಳೆಯ ಪುಟ ಈಗ ಒಪ್ಪಿಗೆಯಾಗದಿದ್ದರೆ ಹರಿದು ಹಾಕದೆ ಅಂಚಿನಲ್ಲಿ ಇಂದಿನ ಮಾತು ಸೇರಿಸಿದರಾಯಿತು.

ಓದುಗರು ಬೇಕು, ಆದರೆ ಸಾವಿರ ಜನ ಬೇಕಿಲ್ಲ. ವೈಟ್ ಅವರಿಗೆ ಇದ್ದವರು ಇಬ್ಬರು. ವಿಷಯ ಬಲ್ಲ ಒಬ್ಬರು, ಏನೂ ತಿಳಿಯದ ಆದರೆ ಬಿಡದೆ ಪ್ರಶ್ನೆ ಕೇಳುವ ಒಬ್ಬರು ಸಿಕ್ಕರೆ ಸಾಕು. ಮೊದಲನೆಯವರು ತಪ್ಪು ಹೇಳದಂತೆ ಕಾಯುತ್ತಾರೆ, ಎರಡನೆಯವರು ಅರ್ಥವಾಗದಂತೆ ಬರೆಯಲು ಬಿಡುವುದಿಲ್ಲ.

ವರ್ಷದ ಕೊನೆಗೆ ಐವತ್ತೆರಡು ಪುಟ ಆಗುತ್ತದೆ. ಅದರಲ್ಲಿ ಬೇರೆಯವರಿಗೆ ಧೈರ್ಯವಾಗಿ ತೋರಿಸಬಹುದಾದದ್ದು ಐದಾರು ಇದ್ದರೆ ಹೆಚ್ಚು. ಲಾಭ ನಷ್ಟದ ಲೆಕ್ಕವನ್ನು ಆ ಐದಾರರ ಮೇಲೆ ಮಾಡಿದರೆ ಇದು ನಷ್ಟದ ಬಾಬತ್ತೇ. ಆದರೆ ತೂಬಿನವರನ್ನು ಮಾತಾಡಿಸಿದ್ದು, ಕುಕ್ಕರಿನ ವೆಯ್ಟನ್ನು ಎತ್ತಿ ನೋಡಿದ್ದು, ಒಂದು ಹಕ್ಕಿಯ ಕೂಗಿಗೆ ನಿಂತದ್ದು, ತಪ್ಪು ತಿಳಿದಿದ್ದನ್ನು ಬಿಟ್ಟದ್ದು ಉಳಿದ ನಲವತ್ತಾರು ಪುಟಗಳಿಗಾಗಿಯೂ ನಡೆದಿರುತ್ತದೆ. ಚೆನ್ನಾಗಿ ಬರದ ಪುಟಕ್ಕೂ ಅಷ್ಟೇ ನೋಡಬೇಕಾಗುತ್ತದೆ.